ತಿರುಗಬೇಕಿದ್ದ ಕೀಲು

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ಮೊದಲು ನಿವೃತ್ತಿ ಆಗಲಿ ಅಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಅಂದುಕೊಂಡೆ. ಹೆಂಡತಿ ತೀರಿಕೊಂಡ ವರ್ಷ ಯಾವುದಕ್ಕೂ ಮನಸ್ಸಿರಲಿಲ್ಲ, ಅದೂ ಒಂದು ನೆಪವಾಯಿತು. ಈಗ ನೆಪಗಳು ಮುಗಿದಿವೆ. ಕೊಳ್ಳೇಗಾಲದಲ್ಲಿ ನೇಕಾರರ ಬೀದಿಯೊಂದರಲ್ಲಿ ಒಂದು ಕೋಣೆಯ ಮನೆ, ಒಂದು ಮಂಚ, ಒಂದು ಸ್ಟವ್ವು. ಪಕ್ಕದ ಮನೆಯ ಮಗ್ಗ ನಿಂತ ಮೇಲೆ ಈ ಬೀದಿಯಲ್ಲಿ ಮಧ್ಯಾಹ್ನಗಳು ಬಹಳ ಉದ್ದವಾಗಿವೆ. ಮೇಜಿನ ಮೇಲೆ ಮರದ ಗುಂಡುಗಳಿಂದ ಮಾಡಿದ ಒಂದು ಸಣ್ಣ ಮಾದರಿ ಇದೆ. ಅದನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ.

ನಾನು ಓದಿದ್ದು ಹೈಸ್ಕೂಲು ಮಾತ್ರ. ದುಡಿದದ್ದು ಈ ಊರಿನ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ, ಅಟೆಂಡರ್ ಆಗಿ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಓದಲಿ ಎಂದು ಬರೆಯುತ್ತಿದ್ದೇನೆ. ಕೆಲಸದಲ್ಲಿ ನನಗೆ ಸಿಕ್ಕಿದ್ದು, ಸಿಗದೇ ಹೋದದ್ದು ಅವರಿಗೆ ಬೇಕಾಗಿಲ್ಲ. ನಾನು ಮಾಡಿದ್ದು ಬೇಕಾದೀತು.

ಲ್ಯಾಬ್ ಅಟೆಂಡರ್ ಎಂದರೆ ಗಾಜು ತೊಳೆಯುವವನು ಎಂದು ಜನ ತಿಳಿದಿದ್ದಾರೆ. ತಪ್ಪೇನಿಲ್ಲ, ಹೆಚ್ಚು ಹೊತ್ತು ತೊಳೆಯುವುದೇ. ಒಂದು ಬ್ಯಾಚು ಹೋದ ಮೇಲೆ ಸಿಂಕಿನ ತುಂಬ ಟೆಸ್ಟ್‌ಟ್ಯೂಬು, ತಳದಲ್ಲಿ ಹಿಡಿದ ಬಣ್ಣಬಣ್ಣದ ಗಸಿ. ಲೇಬಲ್ ಇಲ್ಲದ ಬಾಟಲಿಯನ್ನು ಮೂಸಿ ನೋಡಬೇಡಿ. ನಾನು ನೋಡಿ ಅರ್ಧ ದಿನ ಉಸಿರಿಗೆ ಒದ್ದಾಡಿದ್ದೇನೆ. ಆಸಿಡ್ಡಿಗೆ ನೀರು ಸುರಿಯಬೇಡಿ, ನೀರಿಗೆ ಆಸಿಡ್ ಸುರಿಯಿರಿ. ಸಿಲ್ವರ್ ನೈಟ್ರೇಟು ಬೆರಳಿಗೆ ತಾಗಿದರೆ ಆಗ ಏನೂ ಕಾಣುವುದಿಲ್ಲ. ಬಿಸಿಲಿಗೆ ಹೋದ ಮೇಲೆ ಕಪ್ಪು ಕಾಣುತ್ತದೆ. ತೊಳೆದರೆ ಹೋಗುವುದಿಲ್ಲ, ಆ ಚರ್ಮ ಸವೆದೇ ಹೋಗಬೇಕು.

ಇನ್ನೊಂದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇದು ಒಂಟಿಯಾಗಿ ಮಾಡುವ ಕೆಲಸ. ಮೇಷ್ಟ್ರುಗಳ ಕೋಣೆಯಲ್ಲಿ ನಿಮಗೆ ಕುರ್ಚಿ ಇರುವುದಿಲ್ಲ, ಹುಡುಗರ ನಡುವೆಯೂ ಇರುವುದಿಲ್ಲ. ಆಫೀಸಿನ ಗುಮಾಸ್ತರು ಒಟ್ಟಿಗೆ ಕಾಫಿಗೆ ಹೋಗುವಾಗ ನೀವು ಡಿಸ್ಟಿಲ್ಡ್ ವಾಟರ್ ಕಾಯುತ್ತಾ ಇರುತ್ತೀರಿ. ಮದುವೆಯಾದ ಹೊಸದರಲ್ಲಿ ನಾವು ನನ್ನ ಹೆಂಡತಿಯ ಊರಾದ ಯಳಂದೂರಿನಲ್ಲಿದ್ದೆವು. ದಿನವೂ ಬಸ್ಸು. ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸು ಬಿಡುವ ಪ್ರಯೋಗವಿದ್ದ ದಿನ ಬಟ್ಟೆಯಲ್ಲೆಲ್ಲ ಅದೇ ವಾಸನೆ. ಒಂದು ಸಂಜೆ ಪಕ್ಕದಲ್ಲಿ ಕೂತಿದ್ದವರು ಮೂಗು ಮುಚ್ಚಿಕೊಂಡು, "ಸಾಮಿ, ಚೀಲ್ದಲ್ಲಿ ಏನ್ ತಕಂಡ್ ಓಯ್ತಿದ್ದೀರಿ?" ಎಂದು ಕೇಳಿದರು.

"ಏನೂ ಇಲ್ಲ ಕಣಣ್ಣ. ಕಾಲೇಜ್ ಕೆಲ್ಸ."

"ಅಂಗಾದ್ರೆ ಕಾಲೇಜ್ನೇ ಒತ್ಕಂಡ್ ಬಂದಂಗದೆ ಬುಡಿ" ಎಂದು ಎದ್ದು ಹಿಂದಿನ ಸೀಟಿಗೆ ಹೋದರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಯಳಂದೂರು ಬರುವವರೆಗೂ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. ಅಂಥ ದಿನಗಳು ಬಹಳ.

ಆ ಒಂಟಿತನದಲ್ಲಿ ನನಗೆ ಸಿಕ್ಕ ಸಂತೋಷ ಈ ಮರದ ಗುಂಡುಗಳು. ಕೊಟ್ಟವರು ಶ್ರೀಕಂಠಯ್ಯ ಮೇಷ್ಟ್ರು, ನಾನು ಸೇರಿದಾಗ ಕೆಮಿಸ್ಟ್ರಿ ನೋಡಿಕೊಳ್ಳುತ್ತಿದ್ದವರು. ಅಂಗಡಿಯ ಮಾದರಿಗಳು ಬಂದ ವರ್ಷವೇ ಮುರಿಯುತ್ತಿದ್ದವು. ಮೇಷ್ಟ್ರು ಬೊಂಬೆ ಕಡೆಯುವವರಿಂದ ಮರದ ಗುಂಡು ಮಾಡಿಸಿ ತಂದು, ಯಾವ ಕೋನದಲ್ಲಿ ತೂತು ಕೊರೆಯಬೇಕೆಂದು ನನಗೆ ತೋರಿಸಿದರು. ಕಾರ್ಬನ್ನಿಗೆ ಕಪ್ಪು, ಹೈಡ್ರೋಜನ್ನಿಗೆ ಬಿಳಿ, ಆಕ್ಸಿಜನ್ನಿಗೆ ಕೆಂಪು, ಕ್ಲೋರಿನ್ನಿಗೆ ಹಸಿರು. ನಡುವೆ ಸೇರಿಸುವುದಕ್ಕೆ ನಮ್ಮ ಮನೆಯಲ್ಲಿ ಮಗ್ಗಕ್ಕೆಂದು ಸೀಳಿ ಉಳಿದ ಬಿದಿರಿನ ಕಡ್ಡಿ.

ಒಂದು ಮಧ್ಯಾಹ್ನ ಮೇಷ್ಟ್ರು ಎರಡು ಕಪ್ಪು, ಆರು ಬಿಳಿ, ಒಂದು ಕೆಂಪು ಗುಂಡು ನನ್ನ ಮುಂದೆ ಸುರಿದು, "ಜೋಡಿಸು ರಾಚಪ್ಪ" ಎಂದರು. ಜೋಡಿಸಿದೆ. ಕೆಂಪು ಗುಂಡು ಒಂದು ಕೊನೆಯ ಹತ್ತಿರ ಕೂತಿತು. ಅದನ್ನು ಬಿಚ್ಚಿ ಕೆಂಪನ್ನು ಎರಡು ಕಪ್ಪಿನ ನಡುವೆ ಇಟ್ಟು ಜೋಡಿಸು ಎಂದರು. ಅದೂ ಕೂತಿತು.

"ಮೊದಲು ಮಾಡಿದೆಯಲ್ಲ, ಅದು ನಿನ್ನ ಸ್ಪಿರಿಟ್ ಲ್ಯಾಂಪಿನಲ್ಲಿ ಉರಿಯೋದು. ಎರಡನೇದು ತೆರೆದ ಬಾಟಲಿಯಲ್ಲಿ ನಿಲ್ಲದ ಗ್ಯಾಸು. ಗುಂಡು ಅವೇ, ಜೋಡಣೆ ಬೇರೆ. ಇವನ್ನ ಸಮಾಂಗಿಗಳು ಅಂತಾರೆ."

ನನಗೆ ಕೂಡಲೇ ಹಿಡಿಯಿತು. ಅದೇ ನೂಲು, ಅಷ್ಟೇ ನೂಲು, ನೇಯ್ಗೆ ಬೇರೆಯಾದರೆ ಬಟ್ಟೆ ಬೇರೆ.

ಮೇಷ್ಟ್ರು ಅಲ್ಲಿಗೇ ಬಿಡಲಿಲ್ಲ. ಎರಡು ಕಪ್ಪು ಗುಂಡನ್ನು ಒಂದೇ ಕಡ್ಡಿಯಿಂದ ಸೇರಿಸಿ, ಒಂದೊಂದಕ್ಕೂ ಒಂದು ಹಸಿರು, ಎರಡು ಬಿಳಿ ಸಿಕ್ಕಿಸಿದರು. ಹಸಿರು ಎರಡೂ ಒಂದೇ ಕಡೆ ಇದ್ದವು. ಆಮೇಲೆ ಒಂದು ಕಪ್ಪು ಗುಂಡನ್ನು ಹಿಡಿದು ಮೆಲ್ಲಗೆ ತಿರುಗಿಸಿದರು. ಹಸಿರು ಎದುರುಬದುರಾದವು.

"ಈಗ ಇದು ಬೇರೆ ವಸ್ತುವೋ, ಅದೇ ವಸ್ತುವೋ?"

"ಬ್ಯಾರೆ ಕಾಣ್ತದೆ ಸಾ."

"ನೀನು ಕಾಲು ಮಡಚಿ ಕೂತರೆ ರಾಚಪ್ಪ, ಚಾಚಿ ಕೂತರೆ ಸಿದ್ದಪ್ಪ ಆಗ್ತೀಯಾ? ಇದು ಭಂಗಿ ಅಷ್ಟೆ. ಒಂಟಿ ಕಡ್ಡಿ ಇದ್ದರೆ ಅದು ತಿರುಗ್ತಾನೇ ಇರುತ್ತೆ. ಹಸಿರು ಹಸಿರು ಒಂದೇ ಕಡೆ ಬಂದಾಗ ಇಕ್ಕಟ್ಟು, ದೂರ ಆದಾಗ ಆರಾಮ. ಬಸ್ ಸೀಟಲ್ಲಿ ಮೊಣಕಾಲು ತಾಗಿದರೆ ಸರಿದು ಕೂರೋದಿಲ್ವೇ, ಹಾಗೆ."

ಆಮೇಲೆ ನಡುವಿನ ಕಡ್ಡಿ ತೆಗೆದು, ಎರಡು ತಂತಿ ಬಾಗಿಸಿ ಸಿಕ್ಕಿಸಿದರು. ಒಂದೊಂದು ಬಿಳಿ ಗುಂಡು ಕಳಚಿದರು. ಈಗ ಎಷ್ಟು ತಿರುವಿದರೂ ತಿರುಗಲಿಲ್ಲ. ಹಸಿರು ಒಂದೇ ಕಡೆ ಇದ್ದದ್ದು ಒಂದು ವಸ್ತು, ಎದುರುಬದುರು ಇದ್ದದ್ದು ಇನ್ನೊಂದು ವಸ್ತು. ಕುದಿಯುವ ಬಿಸಿಯೂ ಬೇರೆ ಎಂದರು.

"ತಿರುಗಿದರೆ ಒಂದು, ತಿರುಗದಿದ್ದರೆ ಎರಡು. ಇಷ್ಟು ನೆನಪಿಟ್ಟುಕೋ. ಬೇಕಾದ ಕಡೆ ಗಮ್ ಹಾಕು ರಾಚಪ್ಪ, ಆದರೆ ಒಂಟಿ ಕಡ್ಡಿಯ ನಡುವಿನ ಕೀಲಿಗೆ ಯಾವತ್ತೂ ಹಾಕಬೇಡ. ಅದು ತಿರುಗಬೇಕು."

ಈ ಮಾತನ್ನು ಅವರು ಹೇಳಿದ್ದ ಜಾಗ, ಕಿಟಕಿಯಿಂದ ಬಿದ್ದಿದ್ದ ಬಿಸಿಲು ಎಲ್ಲ ನೆನಪಿದೆ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಅವರ ಕಾಲದಲ್ಲೂ ನಾನು ತಪ್ಪು ಮಾಡಿದ್ದೆ. ಎಡಗೈ ಬಲಗೈ ಇದ್ದ ಹಾಗೆ ಒಂದರ ಕನ್ನಡಿ ಬಿಂಬ ಇನ್ನೊಂದಾಗಿರುವ ಸಮಾಂಗಿಗಳು ಇರುತ್ತವೆ. ನಡುವೆ ಒಂದು ಕಪ್ಪು ಗುಂಡು, ಸುತ್ತ ನಾಲ್ಕು ಬೇರೆ ಬಣ್ಣ. ಒಂದರ ಮೇಲೆ ಒಂದು ಇಟ್ಟರೆ ಬಣ್ಣಗಳು ಸರಿಯಾಗಿ ಕೂರುವುದಿಲ್ಲ. ನಮ್ಮಪ್ಪ ರೇಷ್ಮೆ ನೂಲಿಗೆ ಹುರಿ ಹಾಕುತ್ತಿದ್ದವರು. ಎಡಕ್ಕೆ ಹುರಿ ಕೊಟ್ಟ ನೂಲನ್ನು ತಲೆಕೆಳಗಾಗಿ ಹಿಡಿದರೂ ಅದು ಎಡಹುರಿಯೇ, ಬಲಹುರಿ ಆಗುವುದಿಲ್ಲ. ಅದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿದ್ದ ಕಾರಣಕ್ಕೇ ಅಸಡ್ಡೆ ಮಾಡಿದೆ. ಪಾಠಕ್ಕೆ ಎರಡು ಮಾದರಿ ಮಾಡಿಟ್ಟೆ, ಎರಡೂ ಒಂದೇ ಕೈಯವು.

ಮೇಷ್ಟ್ರು ತರಗತಿಯಲ್ಲಿ, "ಯಾರಾದರೂ ಬಂದು ಒಂದರ ಮೇಲೆ ಒಂದು ಕೂರಿಸಿ, ನೋಡೋಣ. ಆಗೋದಿಲ್ಲ" ಎಂದರು. ಧನಗೆರೆಯ ಹುಡುಗನೊಬ್ಬ ಎದ್ದು ಬಂದು ಸುಲಭವಾಗಿ ಕೂರಿಸಿದ.

"ಕುಂತ್ಕತವಲ್ಲ ಸಾ."

ತರಗತಿ ಗೊಳ್ಳೆಂದಿತು. ಮೇಷ್ಟ್ರು ಬಾಗಿಲ ಕಡೆ ನೋಡಿದರು. ನಾನು ಅಲ್ಲೇ ನಿಂತಿದ್ದೆ.

"ಸಾ, ಎರ್ಡ್ನೂ ಒಂದೇ ಕೈಗ್ ಮಾಡ್ಬುಟ್ಟಿವ್ನಿ" ಎಂದೆ.

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಹುಡುಗರಾ, ನಿಮ್ಮ ರಾಚಪ್ಪನಿಗೆ ಎರಡೂ ಬಲಗೈ. ಅದಕ್ಕೇ ಲ್ಯಾಬಲ್ಲಿ ಏನೂ ಒಡೆಯೋದಿಲ್ಲ" ಎಂದರು. ಒಪ್ಪಿಕೊಳ್ಳುವುದು ಎಂದರೆ ಇಷ್ಟೇ ಎಂದು ಆಗ ತಿಳಿದಿದ್ದೆ. ಎದುರಿನವರು ನಗುತ್ತಾರೆ ಎಂದು ಮೊದಲೇ ಗೊತ್ತಿದ್ದಾಗ ಒಪ್ಪಿಕೊಳ್ಳುವುದಕ್ಕೆ ಧೈರ್ಯವೇ ಬೇಕಾಗುವುದಿಲ್ಲ. ಅದು ಆಮೇಲೆ ತಿಳಿಯಿತು.

ಮೇಷ್ಟ್ರು ನಿವೃತ್ತರಾಗಿ ಹೋದರು. ನಟರಾಜ್ ಸಾರ್ ಬಂದರು. ಕೆಲಸದ ರೀತಿ ಬದಲಾಯಿತು. ಬಾಯಲ್ಲಿ ಪಿಪೆಟ್ ಎಳೆಯುವುದನ್ನು ನಿಲ್ಲಿಸಿ ರಬ್ಬರ್ ಬಲ್ಬ್ ತರಿಸಿದರು. ಕೊಳೆತ ಮೊಟ್ಟೆಯ ಗ್ಯಾಸು ನಿಂತಿತು. ಬಾಟಲಿಗಳೆಲ್ಲ ಬೀಗದ ಕಪಾಟಿಗೆ ಹೋದವು. ಒಳ್ಳೆಯ ಬದಲಾವಣೆಗಳೇ. ಅವರು ಕೆಟ್ಟವರಲ್ಲ, ಮಾತು ಮಾತ್ರ ಚಾಕು. ಒಂದು ಬ್ಯೂರೆಟ್ ಒಡೆದ ದಿನ ನಾನು ನಲ್ಲಿ ಸಡಿಲವಿತ್ತು, ಸ್ಟ್ಯಾಂಡು ಅಲುಗುತ್ತಿತ್ತು ಎಂದು ಶುರುಮಾಡಿದಾಗ, "ಕಾರಣ ಬೇಡ ರಾಚಪ್ಪ. ಒಡೆದಿರಾ, ಇಲ್ಲವಾ? ಅಷ್ಟು ಹೇಳಿ" ಎಂದರು. ಅವತ್ತಿನಿಂದ ಅವರ ಹೆಜ್ಜೆ ಸದ್ದು ಕೇಳಿದರೆ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟುಬಿಡುತ್ತಿದ್ದೆ.

ಆ ವರ್ಷ ಮೇಲಿನವರ ತಪಾಸಣೆ ಇತ್ತು. ಮಾದರಿಗಳನ್ನೆಲ್ಲ ಗಾಜಿನ ಕಪಾಟಿನಲ್ಲಿ ಇಡಬೇಕಾಯಿತು. ಹಳೆಯ ತೂತುಗಳು ಸವೆದು ಗುಂಡುಗಳು ಬೀಳುತ್ತಿದ್ದವು. ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಸಡಿಲ ಎಂದರೆ ಅವಮಾನ. ಕಡಿದ ಎಳೆಗೆ ಹಾಕಿದ ಗಂಟು ಜಾರಿದರೆ ಸೀರೆ ಕೆಟ್ಟ ಹಾಗೆ. ಜಾರುವ ಗಂಟು ಕಂಡರೆ ಅಪ್ಪ ಬೈಯುತ್ತಿರಲಿಲ್ಲ, ಸುಮ್ಮನೆ ನನ್ನ ಕೈ ನೋಡುತ್ತಿದ್ದರು. ಆ ಕೈ ಬಡಗಿಗಳ ಬಿಳಿ ಗಮ್ಮು ತಂದು ಪ್ರತಿ ತೂತಿಗೂ ಹಾಕಿತು. ಒಂಟಿ ಕಡ್ಡಿಯ ನಡುವಿನ ಕೀಲಿಗೆ ಬಂದಾಗ ಮೇಷ್ಟ್ರ ಮಾತು ನೆನಪಾಗದೆ ಇರಲಿಲ್ಲ. ತಪಾಸಣೆ ಮುಗಿದ ಮೇಲೆ ಬಿಡಿಸಿದರಾಯಿತು ಎಂದುಕೊಂಡು ಅದಕ್ಕೂ ಹಾಕಿದೆ. ತಪಾಸಣೆಗೆ ಬಂದವರು ಒಂದು ಮಾದರಿಯನ್ನು ಎತ್ತಿ ಅಲ್ಲಾಡಿಸಿ ನೋಡಿ, ಎಲ್ಲರ ಎದುರು, "ಎಷ್ಟು ಭದ್ರವಾಗಿ ಮಾಡಿದ್ದೀರಿ" ಎಂದರು. ಅಷ್ಟು ವರ್ಷದಲ್ಲಿ ಯಾರೂ ನನಗೆ ಎಲ್ಲರ ಎದುರು ಅಂಥ ಮಾತು ಹೇಳಿರಲಿಲ್ಲ. ಬಿಡಿಸಲು ಮನಸ್ಸಾಗಲಿಲ್ಲ.

ಒಬ್ಬ ಹುಡುಗಿ ನಮ್ಮ ಕಾಲೇಜಿಗೆ ಸೇರಿದ್ದೂ ಆ ವರ್ಷವೇ. ನಾನು ಲ್ಯಾಬಿನಲ್ಲಿ ಹುಡುಗರನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆ. ಏ ಧನಗೆರೆ, ಸಿಂಕಿಗೆ ಕಾಗ್ದ ಆಕ್ಬೇಡ. ಏ ರಾಮಾಪುರ, ಬರ್ನರ್ ಆರ್ಸು. ಅವಳು ಮಾರ್ಟಳ್ಳಿಯವಳು. ಮನೆಯಲ್ಲಿ ತಮಿಳು, ಇಲ್ಲಿ ಹಾಸ್ಟೆಲ್ಲು. ಹಾಗಾಗಿ ಮಾರ್ಟಳ್ಳಿ ಎಂದು ಕರೆದೆ.

"ನನಗೆ ಹೆಸರು ಇದೆ ಅಣ್ಣಾ" ಎಂದಳು.

"ಇರ್ಲಿ ಕಣವ್ವ, ಎಲ್ರುಗೂ ಅದೆ. ಬೀಕರ್ ತಕ."

ನಕ್ಕಳು. ಆಮೇಲೆ ಮಾರ್ಟಳ್ಳಿ ಎಂದು ಕರೆದರೆ ಓಗೊಡುತ್ತಿದ್ದಳು. ತನ್ನ ಟೆಸ್ಟ್‌ಟ್ಯೂಬುಗಳನ್ನು ತಾನೇ ತೊಳೆದಿಟ್ಟು ಹೋಗುತ್ತಿದ್ದಳು. ಹೋಗುವಾಗ "ಬರ್ತೀನಿ ಅಣ್ಣಾ" ಎನ್ನುತ್ತಿದ್ದಳು. ನೀವು ಈ ಕೆಲಸಕ್ಕೆ ಸೇರಿದ ಮೇಲೆ ನಿಮಗೆ ತಿಳಿಯುತ್ತದೆ, ಅಟೆಂಡರಿಗೆ ಯಾರೂ ಹೋಗಿ ಬರ್ತೀನಿ ಎಂದು ಹೇಳುವುದಿಲ್ಲ. ಫಾರ್ಮಸಿ ಓದಿ ಊರಲ್ಲೇ ಮೆಡಿಕಲ್ ಶಾಪ್ ಇಡಬೇಕು, ಜ್ವರದ ಮಾತ್ರೆಗೂ ಜನ ಬಸ್ ಹತ್ತಬೇಕಾಗಿದೆ ಎಂದು ಒಂದು ದಿನ ಸಿಂಕಿನ ಹತ್ತಿರ ನಿಂತು ಹೇಳಿದ್ದಳು.

ಕಾಲೇಜಿನ ಒಳಗಿನ ಪ್ರಾಕ್ಟಿಕಲ್ ಪರೀಕ್ಷೆ ಬಂತು. ನಟರಾಜ್ ಸಾರ್ ಕಪಾಟಿನಿಂದ ಎರಡು ಮಾದರಿ ತೆಗೆದು ಮೇಜಿನ ಮೇಲಿಟ್ಟರು. ಎರಡರಲ್ಲೂ ನಡುವೆ ಒಂಟಿ ಕಡ್ಡಿ, ಎರಡೆರಡು ಹಸಿರು. ಒಂದರಲ್ಲಿ ಹಸಿರು ಒಂದೇ ಕಡೆ, ಇನ್ನೊಂದರಲ್ಲಿ ಎದುರುಬದುರು. ಇವು ಒಂದೇ ವಸ್ತುವೋ, ಸಮಾಂಗಿಗಳೋ ಎಂಬುದು ಪ್ರಶ್ನೆ. ಬೇಕಾದವರು ಮುಟ್ಟಿ ನೋಡಬಹುದು. ಅವೆರಡರ ನಡುವಿನ ಕೀಲಿಗೂ ನಾನು ಗಮ್ ಹಾಕಿದ್ದೆ. ಆಗಲೇ ಹೇಳಬಹುದಿತ್ತು. ಯಾರೂ ಜೋರಾಗಿ ತಿರುಗಿಸಲಾರರು ಎಂದುಕೊಂಡು ಉತ್ತರದ ಹಾಳೆ ಹಂಚಿದೆ.

ಕೆಲವರು ನೋಡಿ ಬರೆದರು. ಒಬ್ಬಿಬ್ಬರು ಮೆಲ್ಲಗೆ ತಿರುವಿ ನೋಡಿ, ತಿರುಗದಿದ್ದಾಗ ಬೇರೆ ಬೇರೆ ವಸ್ತು ಎಂದು ಬರೆದರು. ಅವಳ ಸರದಿ ಬಂತು. ಅವಳು ಮೊದಲು ಉತ್ತರ ಬರೆದಳು. ಆಮೇಲೆ ಮಾದರಿ ಕೈಗೆತ್ತಿಕೊಂಡು ತಿರುಗಿಸಿದಳು. ತಿರುಗಲಿಲ್ಲ. ಹುಬ್ಬು ಗಂಟಿಕ್ಕಿ ಇನ್ನಷ್ಟು ಬಲವಾಗಿ ತಿರುವಿದಳು. ಪಟ್ ಎಂದು ಕಡ್ಡಿ ಮುರಿದು ಎರಡು ತುಂಡಾಯಿತು.

ಸಾರ್ ತಿರುಗಿ ನೋಡಿದರು. "ಏನಾಯ್ತು?"

"ಒಳಗೆ ಪಸೈ ಹಾಕಿದ್ದಾರೆ ಸಾರ್. ಅದಕ್ಕೇ ತಿರುಗಲಿಲ್ಲ."

ಹಿಂದಿನ ಬೆಂಚಿನಿಂದ ಒಬ್ಬ, "ಪಸೈ ಅಂತೆ ಕಣ್ಲಾ" ಎಂದ. ಇಬ್ಬರು ಕಿಸಕ್ಕೆಂದರು. ಅವಳು ಕೆಂಪಾಗಿ, "ಗಮ್ಮು ಸಾರ್. ಗಮ್ ಹಾಕಿದ್ದಾರೆ" ಎಂದಳು.

ಅಷ್ಟರಲ್ಲಿ ನಾನು ಹೋಗಿ ತುಂಡುಗಳನ್ನು ಬಾಚಿ ಕೋಟಿನ ಜೇಬಿಗೆ ಹಾಕಿಕೊಂಡಿದ್ದೆ. ತೂತಿನ ಅಂಚಿನಲ್ಲಿ ಬಿಳಿ ಹಕ್ಕಳೆ ಕಾಣುತ್ತಿತ್ತು. ಸಾರ್ ಒಮ್ಮೆ ಕೈಗೆ ತೆಗೆದುಕೊಂಡಿದ್ದರೆ ಮುಗಿಯುತ್ತಿತ್ತು.

"ರಾಚಪ್ಪ, ನಡುವಿನ ಕೀಲಿಗೆ ಗಮ್ ಹಾಕಿದ್ದೀರಾ?"

"ಇಲ್ಲ ಸಾ. ಅದ್ಕೆ ನಾನ್ಯಾಕ್ ಆಕ್ಲಿ. ಇವ್ಳೇ ಜೋರಾಗ್ ತಿರುಚಿ ಮುರ್ದವ್ಳೆ."

ಯೋಚಿಸಿ ಹೇಳಿದ ಮಾತಲ್ಲ. ಯೋಚಿಸುವ ಮೊದಲೇ ಬಾಯಿಂದ ಬಂತು. ಆದರೆ ಇದಾದ ಮೇಲೆ ನಾನು ಮಾಡಿದ್ದು ಯೋಚಿಸಿಯೇ ಮಾಡಿದ್ದು.

ಸಾರ್ ಆಗ ಏನೂ ತೀರ್ಮಾನ ಹೇಳಲಿಲ್ಲ. ನಾಳೆ ನೋಡೋಣ ಎಂದರು. ಅವರಿಗೆ ಅನುಮಾನ ಬಂದಿದೆ ಎಂದು ನನಗೆ ಅನ್ನಿಸಿತು. ಕಾಲೇಜು ಬಿಟ್ಟ ಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡು ನೀರು ಕಾಯಿಸಿದೆ. ಒಂಟಿ ಕಡ್ಡಿಯ ಮಾದರಿಗಳನ್ನೆಲ್ಲ ಒಂದೊಂದಾಗಿ ಬಿಸಿನೀರಲ್ಲಿ ನೆನೆಸಿದೆ. ಬಿಳಿ ಗಮ್ಮು ಮೆತ್ತಗಾಗಿ ಲೋಳೆಯ ಹಾಗೆ ಬಂತು. ಉಗುರಿನಿಂದ ಕೆರೆದೆ, ಒರೆಸಿದೆ, ಒಣಗಿಸಿದೆ, ನಡುವಿನ ಕೀಲಿಗೆ ಸ್ವಲ್ಪ ಮೇಣ ಸವರಿದೆ. ಎಲ್ಲವೂ ಸಲೀಸಾಗಿ ತಿರುಗಿದವು. ಮೇಷ್ಟ್ರು ಹೇಳಿದ ಹಾಗೆಯೇ ಆದವು. ನಾನು ಅಷ್ಟು ಚೆನ್ನಾಗಿ ಕೆಲಸ ಮಾಡಿದ ಸಂಜೆ ಇನ್ನೊಂದಿಲ್ಲ.

ಮಾರನೆಯ ದಿನ ಸಾರ್ ಅವಳನ್ನು ಎಲ್ಲರ ಎದುರು ನಿಲ್ಲಿಸಿಕೊಂಡು, ಮುರಿಯದೆ ಉಳಿದಿದ್ದ ಇನ್ನೊಂದು ಮಾದರಿಯನ್ನು ತರಿಸಿದರು. ತಿರುಗಿಸಿದರು. ತಿರುಗಿತು. ಹಸಿರು ಒಂದು ಕಡೆ ಬಂದವು, ದೂರ ಹೋದವು.

"ಇದರಲ್ಲಿ ಗಮ್ ಎಲ್ಲಿದೆ?"

ಅವಳು ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ತಿಳಿಯಿತು ಎಂದು ನನಗನ್ನಿಸಿತು. ಹಿಂದಿನ ದಿನ ತಿರುವಿ ನೋಡಿದವರೂ ಅಲ್ಲೇ ಇದ್ದರು, ಯಾರೂ ಬಾಯಿ ಬಿಡಲಿಲ್ಲ. ಅವರ ಮೇಲೆ ನನಗೆ ದೂರಿಲ್ಲ. ಬಿಡಬೇಕಿದ್ದ ಬಾಯಿ ನನ್ನದು.

"ನಿನ್ನ ಉತ್ತರ ಸರಿ" ಎಂದರು ಸಾರ್. "ಒಂದೇ ವಸ್ತು ಅಂತ ನೀನೊಬ್ಬಳೇ ಬರೆದಿದ್ದೀಯ. ಪೂರ್ತಿ ಮಾರ್ಕ್ಸ್ ಕೊಟ್ಟಿದ್ದೀನಿ. ಮುರಿದಿದ್ದಕ್ಕೂ ನನಗೆ ಸಿಟ್ಟಿಲ್ಲ. ನಿನ್ನ ತಪ್ಪನ್ನ ರಾಚಪ್ಪನ ಮೇಲೆ ಹಾಕಿದೆಯಲ್ಲ, ಅದು ಸರಿಯಲ್ಲ. ಅವರ ಹತ್ತಿರ ಕ್ಷಮೆ ಕೇಳು, ಮುಗಿಯಿತು."

"ನಾನು ಸುಳ್ಳು ಹೇಳಿಲ್ಲ ಸಾರ್."

"ಕೇಳೋವರೆಗೂ ಲ್ಯಾಬಿಗೆ ಬರಬೇಡ."

ನಾನು ಸಿಂಕಿನ ನಲ್ಲಿ ನೋಡುತ್ತಾ ನಿಂತಿದ್ದೆ. ಅದು ತೊಟ್ಟಿಕ್ಕುತ್ತಿತ್ತು.

ಆಮೇಲಿನ ಪ್ರಾಕ್ಟಿಕಲ್ ಕ್ಲಾಸುಗಳಲ್ಲಿ ಅವಳು ಬಿಳಿ ಕೋಟು ತೊಟ್ಟು ಲ್ಯಾಬಿನ ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. ಒಂದು ದಿನ ಸಾರ್ ಇಲ್ಲದ ಹೊತ್ತು ನೋಡಿ ಹತ್ತಿರ ಹೋದೆ.

"ಒಂದ್ ಮಾತ್ ಅಂದ್ಬುಡವ್ವ, ತಪ್ಪಾಯ್ತು ಅಂತ. ಮುಗ್ದೋಯ್ತದೆ. ಯಾಕ್ ಓದು ಆಳ್ ಮಾಡ್ಕತೀಯೆ?"

ಅವಳು ನನ್ನ ಮುಖ ನೋಡಿ, ದನಿ ಎತ್ತದೆ, "ನೀವು ಅನ್ನಿ ಅಣ್ಣಾ" ಎಂದಳು.

ನಾನು ಒಳಗೆ ಹೋಗಿ ಟೆಸ್ಟ್‌ಟ್ಯೂಬು ತೊಳೆಯತೊಡಗಿದೆ. ಅದಾದ ಸ್ವಲ್ಪ ದಿನಕ್ಕೆ ಅವಳು ಬಾಗಿಲಿಗೆ ಬರುವುದು ನಿಂತಿತು. ಹಾಸ್ಟೆಲ್ಲಿನಿಂದ ಟ್ರಂಕು ತೆಗೆದುಕೊಂಡು ಊರಿಗೆ ಹೋದಳು ಎಂದು ಯಾರೋ ಹೇಳಿದರು. ಸಾರ್ ಒಂದೆರಡು ಸಲ, "ಆ ಹುಡುಗಿ ಬರಲೇ ಇಲ್ವಲ್ಲ ರಾಚಪ್ಪ" ಎಂದರು. ಅವರಿಗೂ ನೋವಾಗಿತ್ತು ಎಂದು ಕಾಣುತ್ತದೆ. ಆಗಲೂ ಹೇಳಬಹುದಿತ್ತು. ಬಂದ ಒಂದೊಂದು ಅವಕಾಶವೂ ಹಿಂದಿನದಕ್ಕಿಂತ ಕಷ್ಟವಾಗುತ್ತಾ ಹೋಯಿತು. ಮನೆಯಲ್ಲಿ ಹೆಂಡತಿಗೂ ಹೇಳಲಿಲ್ಲ. ಊಟ ಮಾಡುತ್ತಾ ಕೈ ನಿಲ್ಲಿಸಿದರೆ, "ಯಾಕೆ, ಉಪ್ಪು ಜಾಸ್ತಿಯಾ?" ಎನ್ನುತ್ತಿದ್ದಳು. ಹೂಂ ಎನ್ನುತ್ತಿದ್ದೆ. ಪಾಪ, ಮಾರನೆಯ ದಿನ ಉಪ್ಪು ಕಡಿಮೆ ಹಾಕುತ್ತಿದ್ದಳು.

ಶ್ರೀಕಂಠಯ್ಯ ಮೇಷ್ಟ್ರು ಒಮ್ಮೆ ಏನೋ ಕೆಲಸಕ್ಕೆ ಕಾಲೇಜಿಗೆ ಬಂದವರು ಲ್ಯಾಬಿಗೂ ಬಂದರು. ಕೋಲೂರಿಕೊಂಡು ಕಪಾಟಿನ ತನಕ ಹೋಗಿ ಒಂದು ಮಾದರಿ ತೆಗೆದು ತಿರುಗಿಸಿದರು. "ತಿರುಗ್ತಾ ಇದೆ. ನನ್ನ ಮಾತು ಮರೆತಿಲ್ಲ ನೀನು" ಎಂದು ಬೆನ್ನು ತಟ್ಟಿದರು. ಅವರಿಗೆ ಹೇಳಿದ್ದರೆ ಈ ಸಲ ನಗುತ್ತಿರಲಿಲ್ಲ. ಹೇಳಲಿಲ್ಲ. ಅವರೂ ಈಗಿಲ್ಲ.

ನನ್ನ ಕೊನೆಯ ವರ್ಷಗಳಲ್ಲಿ ಗೋಡೆಗೆ ದೊಡ್ಡ ಸ್ಕ್ರೀನು ಬಂತು. ಹೊಸ ಮೇಡಂ ಬೆರಳಲ್ಲಿ ಮುಟ್ಟಿದರೆ ಅದರೊಳಗೆ ಅಣುಗಳು ತಾವೇ ತಿರುಗುತ್ತಿದ್ದವು. ಹಸಿರು ಹಸಿರು ಹತ್ತಿರ ಬಂದಾಗ ಪಕ್ಕದಲ್ಲಿ ಇಕ್ಕಟ್ಟು ತೋರಿಸುವ ಗೆರೆ ಮೇಲೇರುತ್ತಿತ್ತು, ದೂರವಾದಾಗ ಇಳಿಯುತ್ತಿತ್ತು. ಬೆಂಜೀನಿನ ಹಾಗೆ ಚಪ್ಪಟೆಯಲ್ಲದ ಆರು ಕಾರ್ಬನ್ನಿನ ಉಂಗುರವೊಂದು ಕುರ್ಚಿಯಂತೆ ಇದ್ದದ್ದು ದೋಣಿಯಂತಾಗಿ, ಮತ್ತೆ ಕುರ್ಚಿಯಾಗುತ್ತಿತ್ತು. ಹಿಂದೆ ನಿಂತು ನಾನೂ ನೋಡುತ್ತಿದ್ದೆ. ಬಹಳ ಚೆಂದ. ಮರದ ಮಾದರಿಗಳನ್ನು ಗುಜರಿಗೆ ಹಾಕಿದರು. ಆ ಮುರಿದ ಒಂದು ಮಾತ್ರ ಅಷ್ಟು ವರ್ಷವೂ ನನ್ನ ಡ್ರಾಯರಿನಲ್ಲಿ, ಹಳೆಯ ಬಟ್ಟೆಯಲ್ಲಿ ಸುತ್ತಿ ಇತ್ತು. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆ ಅದನ್ನೂ ಮನೆಗೆ ತಂದೆ.

ಇಷ್ಟೇ ಆಗಿದ್ದರೆ ಬಹುಶಃ ಬರೆಯದೆಯೇ ಹೋಗುತ್ತಿದ್ದೆ. ಈಚೆಗೆ ರಾಮಾಪುರದಲ್ಲಿ ಹಳೆಯ ಗುಮಾಸ್ತರೊಬ್ಬರ ಮನೆಯ ತಿಥಿಗೆಂದು ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದೆ. ಜನ ತುಂಬಿದ್ದರು. ಕಾಲೇಜಿನ ಬ್ಯಾಗು ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಎದ್ದು, "ಕೂತ್ಕೊಳ್ಳಿ ತಾತ" ಎಂದು ಸೀಟು ಬಿಟ್ಟುಕೊಟ್ಟಳು. ಕೂತೆ. ಕಿಟಕಿಯ ಕಡೆ ಅವಳ ತಾಯಿ ಇದ್ದಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

"ಲ್ಯಾಬ್ ಅಣ್ಣ ಅಲ್ವಾ?"

ದನಿ ಕೇಳಿದ ಕೂಡಲೇ ನನಗೆ ತಿಳಿಯಿತು. "ಹೂಂ ಕಣವ್ವ. ನೀನ್ ಯಾರು ಗೊತ್ತಾಗ್ನಿಲ್ಲ" ಎಂದೆ.

"ಮಾರ್ಟಳ್ಳಿ" ಎಂದಳು. ನಾನು ಕರೆಯುತ್ತಿದ್ದ ಹಾಗೆಯೇ.

"ಎಷ್ಟೋ ಮಕ್ಳು ಬಂದೋದ್ವು. ಮರ್ತೋಗದೆ."

ಅವಳು ಹೊರಗೆ ನೋಡಿದಳು. ಆಮೇಲೆ ತಾನೇ ಹೇಳಿದಳು. ಆ ವರ್ಷವೇ ಓದು ಬಿಟ್ಟಳಂತೆ. ಊರಲ್ಲಿ ಬಟ್ಟೆ ಹೊಲಿಯುತ್ತಾಳಂತೆ. ಮಗಳು ಈ ವರ್ಷ ಸೈನ್ಸು ಸೇರಿದ್ದಾಳೆ, ಅದೇ ಕಾಲೇಜು. ಮಗಳು ಕಂಬಿ ಹಿಡಿದು ನಿಂತು ಒಂದು ಕೈಯಲ್ಲಿ ಫೋನು ನೋಡುತ್ತಿದ್ದಳು. "ಅಮ್ಮಾ, ಇಲ್ಲಿ ನೋಡು" ಎಂದು ತಮಿಳಿನಲ್ಲಿ ಏನೋ ಹೇಳಿ ಫೋನನ್ನು ತಾಯಿಯ ಕೈಗೆ ಕೊಟ್ಟಳು. ಎರಡು ಕಪ್ಪು ಗುಂಡು, ನಡುವೆ ಒಂಟಿ ಕಡ್ಡಿ. ತಿರುಗುತ್ತಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಫೋನು ಮಗಳ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದಳು.

"ಅವತ್ತು ಗಮ್ ಹಾಕಿದ್ರಾ ಅಣ್ಣಾ?"

ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕು ಎಂಬಷ್ಟೇ ಇತ್ತು. ಇಷ್ಟು ವರ್ಷ ಅವಳು ತನ್ನ ಕೈಯನ್ನೇ ನಂಬಬೇಕೋ ಬೇಡವೋ ಎಂದುಕೊಂಡು ಕಳೆದಿರಬಹುದು. ಮಾರನೆಯ ದಿನ ಎಲ್ಲರ ಎದುರು ಅದು ತಿರುಗಿದ್ದನ್ನು ಅವಳೂ ನೋಡಿದ್ದಳಲ್ಲ. ಒಂದು ಹೌದು ಸಾಕಿತ್ತು. ಅದನ್ನು ಹೇಳಿದರೆ ನಾನು ಕಳೆದುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಕೆಲಸವಿಲ್ಲ, ಸಾರ್ ಇಲ್ಲ, ಬೈಯುವವರಿಲ್ಲ.

"ನೆಪ್ಪಿಲ್ಲ ಕಣವ್ವ" ಎಂದೆ.

ಅವಳು ತಲೆಯಾಡಿಸಿದಳು. ಹನೂರು ಬಂದಾಗ ನಾನು ಎದ್ದುಬಿಟ್ಟೆ. "ರಾಮಾಪುರ ಅಂದ್ರಲ್ಲ ಕಂಡಕ್ಟರ್ ಹತ್ರ" ಎಂದಳು. ಇಲ್ಲೊಂದು ಕೆಲಸ ಇದೆ ಎಂದೆ. ಇಳಿಯುವಾಗ ಹಿಂದಿನಿಂದ, "ಬರ್ತೀನಿ ಅಣ್ಣಾ" ಎಂದದ್ದು ಕೇಳಿಸಿತು. ಹೋಗುತ್ತಿದ್ದವನು ನಾನು, ಆದರೂ ಅವಳೇ ಹೇಳಿದಳು. ಹನೂರಿನ ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ರಾಮಾಪುರದ ಬಸ್ಸುಗಳನ್ನು ಒಂದೊಂದಾಗಿ ಹೋಗಲು ಬಿಟ್ಟೆ. ತಿಥಿಗೆ ಹೋಗಲಿಲ್ಲ. ಕೊಳ್ಳೇಗಾಲದ ಬಸ್ಸು ಹತ್ತಿ ಮನೆಗೆ ಬಂದು, ಬಟ್ಟೆಯ ಗಂಟು ಬಿಚ್ಚಿ, ಆ ಮುರಿದ ಮಾದರಿಯನ್ನು ಬಿಸಿನೀರಿಗೆ ಹಾಕಿದೆ. ಅಷ್ಟು ವರ್ಷದ ಗಮ್ಮು ಬಿಡಲು ಬಹಳ ಹೊತ್ತು ಹಿಡಿಯಿತು. ಕಡ್ಡಿಯ ಚೂರನ್ನು ಸೂಜಿಯಿಂದ ಎಬ್ಬಿಸಿ ತೆಗೆದು, ಹೊಸ ಕಡ್ಡಿ ಇಟ್ಟೆ. ಈಗ ತಿರುಗುತ್ತದೆ.

ಲ್ಯಾಬಿಗೆ ಹೊಸದಾಗಿ ಸೇರುವವರಿಗೆ ನಾನು ಹೇಳಬಹುದಾದದ್ದು ಇಷ್ಟೇ. ಗಾಜು ಒಡೆಯುತ್ತದೆ, ಅಳತೆ ತಪ್ಪುತ್ತದೆ, ಬೇಡದ ಕಡೆ ಗಮ್ಮು ಬೀಳುತ್ತದೆ. ಅದನ್ನು ಮೊದಲ ಸಲ ಕೇಳಿದಾಗಲೇ ಹೇಳಿಬಿಡಿ. ಮತ್ತೆ, ಹುಡುಗರನ್ನು ಅವರವರ ಹೆಸರಿನಿಂದ ಕರೆಯಿರಿ.

ಹಾಜರಿ ಕೂಗುವಾಗ ನಟರಾಜ್ ಸಾರ್ ಅವಳ ಹೆಸರನ್ನು ಕರೆಯುತ್ತಿದ್ದರು. ನನಗೆ ಅದು ಆಗಲೂ ಗೊತ್ತಿತ್ತು, ಬಸ್ಸಿನಲ್ಲೂ ಗೊತ್ತಿತ್ತು. ಒಮ್ಮೆಯೂ ನನ್ನ ಬಾಯಲ್ಲಿ ಆಡಲಿಲ್ಲ. ಮಗಳು ನಮ್ಮ ಕಾಲೇಜಿನಲ್ಲೇ ಇದ್ದಾಳೆ, ಈ ಬರಹ ಹೇಗಾದರೂ ಆ ಮನೆಗೆ ಹೋಗಿ ಮುಟ್ಟೀತು. ನೀನು ಬಸ್ಸಿನಲ್ಲಿ ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಹೌದು, ಗಮ್ ಹಾಕಿದ್ದು ನಾನೇ. ಅದನ್ನು ಬಿಡಿಸಿ ನಿನ್ನನ್ನು ಸುಳ್ಳಿ ಮಾಡಿದ್ದೂ ನಾನೇ. ತಪ್ಪಾಯಿತು, ಸಗಾಯಮೇರಿ.